ಸದ್ದಿಲ್ಲದ ಕೆಂಪು ದೀಪ: ಕಾಡುಪಾಪ ಎಣಿಸಲು ಮಾಡಿಕೊಂಡ ಸಾಮಾನು

ಕಾರ್ತಿಕ ಅಮಾವಾಸ್ಯೆಯ ಮಾರನೇ ರಾತ್ರಿ. ಹುಣಸೆಮರದ ಕೆಳಗೆ ನಿಂತಿದ್ದೆ. ಸುಮಾರು 15 ಅಡಿ ಎತ್ತರದ ಕೊಂಬೆಯಿಂದ ಎರಡು ಕೆಂಡದಂಥ ಕಣ್ಣು ನನ್ನನ್ನೇ ನೋಡುತ್ತಿದ್ದವು. ಕಾಡುಪಾಪ. ಮರದ ಮೇಲೆ ಬದುಕುವ ಪುಟ್ಟ ರಾತ್ರಿಪ್ರಾಣಿ, ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್. ಒಂದು ಕೈ ನಿಧಾನಕ್ಕೆ ಎತ್ತಿ ಮುಂದಿನ ಕಡ್ಡಿ ಹಿಡಿಯಿತು. ಇನ್ನೊಂದು ಕೈ ಎತ್ತುವಷ್ಟರಲ್ಲಿ ನನ್ನ ಹಣೆಯ ದೀಪ ಆರಿಹೋಯಿತು. ತಲೆ ಅಲ್ಲಾಡಿಸಿದರೆ ಒಮ್ಮೆ ಹತ್ತಿತು, ಮತ್ತೆ ಆರಿತು. ಕತ್ತಲಲ್ಲಿ ಐದು ನಿಮಿಷ ಹಾಗೇ ನಿಂತು, ಜೇಬಿನ ಸಣ್ಣ ಟಾರ್ಚ್ ನೆಲಕ್ಕೆ ಹಿಡಿದುಕೊಂಡು ಮನೆಗೆ ಬಂದೆ.

ಮಾರನೇ ದಿನ ಅಂಗಡಿ ಬಾಗಿಲು ತೆಗೆದವನೇ ಮೊದಲು ದೀಪ ಬಿಚ್ಚಿದೆ. ಕಾರಣ ತಕ್ಷಣ ಕಂಡಿತು. ವೈರು ಒಳಗೆ ಹೋಗುವ ಜಾಗದಲ್ಲಿ ತಾಮ್ರ ಹಸಿರಾಗಿ ಪುಡಿಪುಡಿಯಾಗಿತ್ತು. ಹೇಗೂ ಬಿಚ್ಚಿದ್ದೇನೆ, ಈ ಸಲ ಎಲ್ಲವನ್ನೂ ಬರೆದಿಡೋಣ ಎನ್ನಿಸಿತು. ದೀಪ ಮಾತ್ರ ಅಲ್ಲ, ರಾತ್ರಿ ಮೈಮೇಲೆ ಹಾಕಿಕೊಂಡು ಹೋಗುವ ಅಷ್ಟೂ ಸಾಮಾನನ್ನು. ನಾಲ್ಕು ವರ್ಷದಲ್ಲಿ ಒಂದೊಂದನ್ನೂ ಎರಡು ಮೂರು ಸಲ ಕೆಡಿಸಿ ಮಾಡಿದ್ದೇನೆ.

ನನ್ನದು ತುಮಕೂರು ಜಿಲ್ಲೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಹಗಲೆಲ್ಲ ಬೋರ್‌ವೆಲ್ ಮೋಟರ್ ಸುತ್ತುತ್ತೇನೆ. ತಿಂಗಳಿಗೆ ಎರಡು ರಾತ್ರಿ, ನಮ್ಮೂರಿನಿಂದ ಪಕ್ಕದ ಕೆರೆ ಏರಿಯವರೆಗೆ ಸುಮಾರು ಒಂದೂಕಾಲು ಕಿಲೋಮೀಟರ್ ಬೇಲಿಸಾಲಿನ ಪಕ್ಕ ನಡೆದು ಕಾಡುಪಾಪ ಎಣಿಸುತ್ತೇನೆ. ಅದು ರಿಸರ್ವ್ ಫಾರೆಸ್ಟ್ ಅಲ್ಲ. ಗಾಡಿದಾರಿ, ಹೊಲದ ಬದು, ಅಷ್ಟೇ. ಕಾಡುಪಾಪ ಅಂದರೆ ದೊಡ್ಡ ಕಾಡೇ ಬೇಕು ಅಂತ ಹಲವರು ಅಂದುಕೊಂಡಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಅದು ಜಾಲಿ, ಹುಣಸೆ, ಹೊಂಗೆ, ಕಳ್ಳಿ ಬೇಲಿಗಳಲ್ಲೇ ಬದುಕುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಇದೆ. ಕಾಲು ಕೆಜಿ ಆಸುಪಾಸಿನ ಪ್ರಾಣಿ. ಬಾಲ ಇಲ್ಲ. ಕೈಕಾಲು ಕಡ್ಡಿಯಂತೆ ಸಣ್ಣ. ಕೋತಿಯಂತೆ ಹಾರಲು ಬರುವುದಿಲ್ಲ, ಕೊಂಬೆಯಿಂದ ಕೊಂಬೆ ಹಿಡಿದೇ ಹೋಗಬೇಕು. ಅದಕ್ಕೇ ಬೇಲಿಯಲ್ಲಿ ಎರಡು ಮರ ಕಡಿದರೆ ಅದರ ದಾರಿಯೇ ತುಂಡಾಗುತ್ತದೆ.

ಊರಿನ ಹೆಸರು ಬರೆಯುವುದಿಲ್ಲ. ಮಾಟ ಮಂತ್ರ ಅಂತ ಇದರ ಕಣ್ಣಿಗೆ, ಕೈಗೆ ಆಸೆಪಟ್ಟು ಹಿಡಿಯುವವರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿರುವ ಪ್ರಾಣಿ ಇದು. ಹುಲಿಗೆ ಇರುವಷ್ಟೇ ರಕ್ಷಣೆ ಕಾನೂನಿನಲ್ಲಿ ಇದಕ್ಕೂ ಇದೆ. ಆದರೆ ಬೇಲಿಯಲ್ಲಿ ಇರುವ ಪ್ರಾಣಿಗೆ ಕಾವಲು ಯಾರು? ಊರಿನವರೇ ಅಲ್ವಾ?

ಇನ್ನು ದೀಪದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಎಲ್ಲವೂ ನಿಂತಿರುವುದು ಇದರ ಮೇಲೆ.

ಕಾಡುಪಾಪದ ಮೈ ಕತ್ತಲಲ್ಲಿ ಕಾಣುವುದಿಲ್ಲ. ಕಾಣುವುದು ಕಣ್ಣಿನ ಹೊಳಪು. ಅದರ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಹೋದ ಬೆಳಕನ್ನು ಅದು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಬಂದ ದಾರಿಯಲ್ಲೇ ಅನ್ನುವುದು ಮುಖ್ಯ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಹೊಳಪು ಸೊಂಟಕ್ಕೇ ವಾಪಸು ಬರುತ್ತದೆ, ನಮ್ಮ ಕಣ್ಣಿಗೆ ಸಿಗುವುದಿಲ್ಲ. ಮೊದಲ ಮೂರು ತಿಂಗಳು ನನಗೆ ಒಂದೂ ಕಾಣಲಿಲ್ಲ. ಕೈಟಾರ್ಚ್ ಬಿಟ್ಟು ಹಣೆಗೆ ದೀಪ ಕಟ್ಟಿದ ದಿನ ಅದೇ ಬೇಲಿಯಲ್ಲಿ ನಾಲ್ಕು ಕಂಡವು. ದೀಪ ಎರಡು ಹುಬ್ಬಿನ ನಡುವೆ, ಕಣ್ಣಿಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು.

ಬೆಳಕು ಕೆಂಪೇ ಆಗಬೇಕು. ಬಿಳಿ ಬೆಳಕು ಬಿದ್ದರೆ ಅದು ಮುಖ ತಿರುಗಿಸುತ್ತದೆ, ಇಲ್ಲವೇ ಕೊಂಬೆಗೆ ಅಂಟಿಕೊಂಡು ಕಲ್ಲಿನಂತೆ ನಿಂತುಬಿಡುತ್ತದೆ. ಹುಳ ಹಿಡಿಯುವ ಹೊತ್ತು ಹಾಳು. ಕಾಡುಪಾಪ ರಾತ್ರಿಯೇ ಬದುಕುವ ಪ್ರಾಣಿ, ಬಣ್ಣ ಬೇರ್ಪಡಿಸುವ ಶಕ್ತಿ ಅದರ ಕಣ್ಣಿಗೆ ಇಲ್ಲ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕಡುಕೆಂಪು ಬೆಳಕು ಬಹಳ ಕಡಿಮೆ ತಟ್ಟುತ್ತದೆ. ನಮಗೂ ಹಾಗೆಯೇ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಒಂದು ಸಲ ಬಿಳಿ ಬೆಳಕು ನೋಡಿದರೆ ಆ ಅರ್ಧ ಗಂಟೆ ಮತ್ತೆ ಮೊದಲಿಂದ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಅಂಗಡಿಯ ಬಿಳಿ ಹೆಡ್‌ಲ್ಯಾಂಪಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಮಡಿಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಅಂಚಿನಿಂದ ಬಿಳಿ ಬೆಳಕು ಸೋರುತ್ತಿತ್ತು. ತಲೆ ತಿರುಗಿಸಿದಾಗಲೆಲ್ಲ ಪೇಪರ್ ಪರಪರ ಅನ್ನುತ್ತಿತ್ತು. ಮೇಲಾಗಿ ಬಿಳಿ ಎಲ್ಇಡಿಯಲ್ಲಿ ನೀಲಿಯೇ ಜಾಸ್ತಿ, ಕೆಂಪು ಕಡಿಮೆ. ಪೇಪರ್ ಆ ನೀಲಿಯನ್ನೆಲ್ಲ ತಡೆದ ಮೇಲೆ ಉಳಿಯುವುದು ಮಂಕು ಬೆಳಕು. ಬ್ಯಾಟರಿ ತಿನ್ನುವುದು ಪೂರ್ತಿ, ಕೊಡುವುದು ಚೂರು.

ಹಾಗಾಗಿ ಕೆಂಪು ಎಲ್ಇಡಿಯನ್ನೇ ಹಾಕಲು ಹೊರಟೆ. ಇಲ್ಲಿ ಒಂದು ತಪ್ಪು ಮಾಡಿದೆ. ಕೆಂಪು ಎಷ್ಟು ಕಡುವಾದರೆ ಅಷ್ಟು ಒಳ್ಳೆಯದು ಅಂದುಕೊಂಡು ಗಿಡ ಬೆಳೆಸಲು ಬಳಸುವ 660 ನ್ಯಾನೊಮೀಟರ್ ಎಲ್ಇಡಿ ತರಿಸಿದೆ (ನ್ಯಾನೊಮೀಟರ್ ಅಂದರೆ ಬೆಳಕಿನ ಅಲೆಯ ಉದ್ದದ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಕೆಂಪು ಕಡು). ಕಾಡುಪಾಪಕ್ಕೆ ಅದು ಕಾಣುವುದಿಲ್ಲ ನಿಜ, ಆದರೆ ನನಗೂ ಕಾಣುವುದಿಲ್ಲ! ಅಷ್ಟೇ ಶಕ್ತಿಯ 625ರ ಬೆಳಕಿಗೆ ಹೋಲಿಸಿದರೆ 660 ನಮ್ಮ ಕಣ್ಣಿಗೆ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಅದನ್ನು ಪಕ್ಕಕ್ಕಿಟ್ಟು 620ರಿಂದ 625ರ ಒಂದು ವ್ಯಾಟ್ ಎಲ್ಇಡಿ ಹಾಕಿದೆ. ನಕ್ಷತ್ರದ ಆಕಾರದ 20 ಎಂಎಂ ಅಲ್ಯೂಮಿನಿಯಂ ತಟ್ಟೆಯ ಮೇಲೆ ಬೆಸೆದೇ ಸಿಗುತ್ತದೆ.

ಬಿಳಿ ಎಲ್ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2.1 ಸಾಕು. ಹಳೇ ದೀಪದ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ತುಂಡು, ಅದರ ಅಳತೆ ಓಮ್) ಹಾಗೇ ಬಿಟ್ಟರೆ ಕೆಂಪು ಎಲ್ಇಡಿ ಕರೆಂಟ್ ಜಾಸ್ತಿ ಎಳೆದು ಸುಟ್ಟುಹೋಗುತ್ತದೆ. ನಾನು ಬಳಸುವುದು ಒಂದು 18650 ಲಿಥಿಯಂ ಸೆಲ್. ತುಂಬಿದಾಗ 4.2 ವೋಲ್ಟ್. 4.2ರಲ್ಲಿ 2.1 ಕಳೆದರೆ ಉಳಿದದ್ದು 2.1. 6.8 ಓಮ್ ಹಾಕಿದರೆ ಸುಮಾರು 0.31 ಆಂಪಿಯರ್. ಈ ಎಲ್ಇಡಿಯ ಮಿತಿ 0.35, ಅದರ ಒಳಗೇ ಇದೆ. ರೆಸಿಸ್ಟರ್ ಮೇಲೆ 0.65 ವ್ಯಾಟ್ ಬಿಸಿ. ಒಂದು ವ್ಯಾಟಿನದು ಹಾಕಿ ಮುಟ್ಟಿ ನೋಡಿದೆ, ಬೆರಳು ಇಡಲು ಆಗಲಿಲ್ಲ. 2 ವ್ಯಾಟಿನದು ಹಾಕಿದೆ.

ಡ್ರೈವರ್ ಸರ್ಕ್ಯೂಟ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಬೇಕೆಂದೇ ಹಾಕಲಿಲ್ಲ. ಒಳ್ಳೆ ಡ್ರೈವರ್ ಬ್ಯಾಟರಿ ಮುಗಿಯುವವರೆಗೂ ಒಂದೇ ಬೆಳಕು ಕೊಟ್ಟು ಕೊನೆಗೆ ಪಕ್ಕನೆ ಆರುತ್ತದೆ. ರೆಸಿಸ್ಟರ್ ಆದರೆ ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ. ಮುಕ್ಕಾಲು ಗಂಟೆ ಮುಂಚೆಯೇ, "ಸಾಕು, ಮನೆಗೆ ನಡಿ" ಅಂತ ದೀಪವೇ ಹೇಳುತ್ತದೆ. ಹೊಲದ ನಡುವೆ ಆ ಸೂಚನೆ ನನಗೆ ಮುಖ್ಯ. 2600 ಎಂಎಎಚ್ ಸೆಲ್ ಹೆಚ್ಚು ಬೆಳಕಿನಲ್ಲೇ ಇಟ್ಟರೂ ಎಂಟೊಂಬತ್ತು ಗಂಟೆ ಬರುತ್ತದೆ.

ಬೆಳಕು ಹೆಚ್ಚು ಕಡಿಮೆ ಮಾಡಲು ಮೊದಲು ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಥರದ 100 ಓಮ್ ಪಾಟ್ ಹಾಕಿದ್ದೆ. ಎರಡನೇ ರಾತ್ರಿಯೇ ಸುಟ್ಟ ವಾಸನೆ. ಕಾಲು ವ್ಯಾಟಿನ ಪಾಟಿಗೆ 0.3 ಆಂಪಿಯರ್ ಹರಿಸಿದರೆ ಅದರ ಇದ್ದಿಲ ಪಟ್ಟಿ ತಡೆಯುವುದಿಲ್ಲ. ದಿನಾ ಕಾಯಿಲ್ ಸುತ್ತುವ ನಾನೇ ಈ ಲೆಕ್ಕ ಹಾಕದೆ ಬಿಟ್ಟಿದ್ದೆ. ಆಮೇಲೆ ಮೂರು ಮಟ್ಟದ ಸ್ವಿಚ್ ಹಾಕಿದೆ. ಕೆಲಸ ಚೆನ್ನಾಗಿಯೇ ಮಾಡಿತು, ಆದರೆ ಪ್ರತಿ ಸಲ 'ಟಕ್'. ಹಗಲಲ್ಲಿ ಕೇಳದ ಆ ಟಕ್ ರಾತ್ರಿ ಎರಡು ಗಂಟೆಗೆ ಕಾಯಿ ಬಿದ್ದಷ್ಟು ಕೇಳುತ್ತದೆ. ಕಾಡುಪಾಪದ ಕಿವಿ ಎಲೆಯ ಮೇಲೆ ನಡೆಯುವ ಹುಳದ ಸದ್ದು ಹಿಡಿಯುವ ಕಿವಿ.

ಕೊನೆಗೆ ಹೊಳೆದದ್ದು ರೀಡ್ ಸ್ವಿಚ್. ಬಾಗಿಲ ಅಲಾರಂಗಳಲ್ಲಿ ಇರುತ್ತದಲ್ಲ, ಅದೇ. ಸಣ್ಣ ಗಾಜಿನ ಕೊಳವೆ, ಒಳಗೆ ಎರಡು ತೆಳು ಕಬ್ಬಿಣದ ನಾಲಿಗೆ. ಆಯಸ್ಕಾಂತ ಹತ್ತಿರ ಬಂದರೆ ಎರಡೂ ಕೂಡುತ್ತವೆ. ಇಂಥ ಮೂರನ್ನು ಒಂದರ ಪಕ್ಕ ಒಂದು ಇಟ್ಟು, ಒಂದಕ್ಕೆ 6.8 ಓಮ್, ಇನ್ನೊಂದಕ್ಕೆ 22, ಮತ್ತೊಂದಕ್ಕೆ 100 ಓಮ್ ಸೇರಿಸಿದೆ. ಡಬ್ಬಿಯ ಹೊರಗೆ ಬಟ್ಟೆಯ ಚಿಕ್ಕ ಗೂಡು. ಅದರೊಳಗೆ ಹಳೇ ಪರ್ಸಿನಿಂದ ಕಿತ್ತ ಆಯಸ್ಕಾಂತ. ಬೆರಳಿನಲ್ಲಿ ತಳ್ಳಿದರೆ ಜಾರುತ್ತದೆ, ಬೆಳಕು ಬದಲಾಗುತ್ತದೆ. ಸದ್ದು ಕಿವಿಗೆ ಅಂಟಿಸಿಕೊಂಡರೆ ಮಾತ್ರ ಕೇಳುತ್ತದೆ. ಡಬ್ಬಿಗೆ ತೂತು ಕೊರೆಯುವುದೂ ಬೇಕಿಲ್ಲ, ಇಬ್ಬನಿ ಒಳಗೆ ಹೋಗುವುದಿಲ್ಲ. ಮಾಡುವವರಿಗೆ ಎರಡು ಮಾತು. ರೀಡಿನ ಕಾಲನ್ನು ಗಾಜಿನ ಬುಡದಲ್ಲೇ ಬಗ್ಗಿಸಬೇಡಿ. ಬುಡವನ್ನು ಇಕ್ಕಳದಲ್ಲಿ ಹಿಡಿದು ಆಚೆ ಬಗ್ಗಿಸಿ. ನಾನು ಎರಡು ಒಡೆದ ಮೇಲೆ ಕಲಿತೆ. ಇನ್ನೊಂದು, ಆಯಸ್ಕಾಂತ ರೀಡಿನ ಉದ್ದಕ್ಕೆ ಅಲ್ಲ, ಅಡ್ಡಕ್ಕೆ ಜಾರಬೇಕು. ಉದ್ದಕ್ಕೆ ಜಾರಿದರೆ ಒಂದೇ ರೀಡ್ ಹತ್ತಿ, ಆರಿ, ಮತ್ತೆ ಹತ್ತುತ್ತದೆ.

ದೀಪದ ಮೈ 25 ಎಂಎಂ ಎಲೆಕ್ಟ್ರಿಕಲ್ ಪಿವಿಸಿ ಪೈಪಿನ ತುಂಡು. ಎಲ್ಇಡಿಯ ನಕ್ಷತ್ರ ಅದರೊಳಗೆ ಸರಿಯಾಗಿ ಕೂರುತ್ತದೆ. ಬಿಸಿ ಎಳೆಯಲು ಹಿಂದೆ ಕಿಟಕಿಯ ಅಲ್ಯೂಮಿನಿಯಂ ಸೆಕ್ಷನ್ ತುಂಡು, ನಡುವೆ ಹೀಟ್‌ಸಿಂಕ್ ಪೇಸ್ಟ್. ಮುಂದೆ 30 ಡಿಗ್ರಿ ಲೆನ್ಸ್. ಪೈಪನ್ನು ಲೆನ್ಸಿನಿಂದ ಒಂದು ಇಂಚು ಮುಂದಕ್ಕೆ ಬಿಟ್ಟು ಒಳಗೆ ಕಪ್ಪು ಬಣ್ಣ ಬಳಿದಿದ್ದೇನೆ. ಇಲ್ಲದಿದ್ದರೆ ಬೆಳಕು ನನ್ನ ಮೂಗು, ಕನ್ನಡಕದ ಮೇಲೆ ಬಿದ್ದು ಎದುರಿನದು ಮಬ್ಬಾಗುತ್ತದೆ. ಸೆಲ್ ತಲೆಯ ಹಿಂದೆ. ಸುಮಾರು 45 ಗ್ರಾಂ ತೂಕ ಹಿಂದಕ್ಕೆ ಹೋದರೆ ಪಟ್ಟಿ ಹಣೆಯಿಂದ ಜಾರುವುದಿಲ್ಲ.

ಈಗ ಹಸಿರಾದ ತಾಮ್ರದ ಕಥೆ. ವೈರು ಒಳಹೋಗುವ ಜಾಗವನ್ನು ಕಿಟಕಿಗೆ ಹಾಕುವ ಸಿಲಿಕಾನಿನಿಂದ ಮುಚ್ಚಿದ್ದೆ. ಹಾಕುವಾಗ ವಿನೆಗರ್ ಥರ ಹುಳಿ ವಾಸನೆ ಬರುವ ಸಿಲಿಕಾನ್ ಅದು. ಒಣಗುವಾಗ ಅದರಿಂದ ಆಮ್ಲ ಹೊರಬರುತ್ತದೆ. ಗಾಜಿಗೆ, ಟೈಲ್ಸಿಗೆ ತೊಂದರೆ ಇಲ್ಲ, ಬಿಚ್ಚು ತಾಮ್ರವನ್ನು ನಿಧಾನಕ್ಕೆ ತಿನ್ನುತ್ತದೆ. ಅಮಾವಾಸ್ಯೆ ಮಾರನೇ ರಾತ್ರಿ ಕೈಕೊಟ್ಟದ್ದು ಇದೇ. ಎರಡು ಇಂಚು ವೈರು ಕತ್ತರಿಸಿ ಬಿಸಾಡಿದೆ. ಹೊಸದಾಗಿ ಮೃದುವಾದ ಸಿಲಿಕಾನ್ ವೈರು ಎಳೆದೆ. ಬೆಸುಗೆಯ ಮೇಲೆ ಮೋಟರಿಗೆ ಹಾಕುವ ಸ್ಲೀವ್ ಏರಿಸಿ ವಾರ್ನಿಷ್ ಬಳಿದೆ. ವೈರನ್ನು ಒಳಗೆ ಗಂಟು ಹಾಕಿ, ಎಳೆತ ಬೆಸುಗೆಗೆ ತಲುಪದಂತೆ ಮಾಡಿದೆ. ಕೊನೆಗೆ ಹುಳಿ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನಿನಲ್ಲಿ ಮುಚ್ಚಿ ಎರಡು ದಿನ ಒಣಗಲು ಬಿಟ್ಟೆ.

ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್ ಬಳಸುವವರು ಪ್ರೊಟೆಕ್ಷನ್ ಇರುವ ಚಾರ್ಜಿಂಗ್ ಬೋರ್ಡ್ ಇಲ್ಲದೆ ಹಾಕಬೇಡಿ. ತಲೆಗೆ ಕಟ್ಟಿಕೊಳ್ಳುವ ಸಾಮಾನು ಅದು.

ದೀಪ ಮುಗಿಯಿತು. ಬಟ್ಟೆಯಲ್ಲಿ ಕೆಲಸ ಕಡಿಮೆ, ಪರೀಕ್ಷೆ ಜಾಸ್ತಿ. ನೈಲಾನ್ ಜರ್ಕಿನ್ ಬೆಚ್ಚಗಿರುತ್ತದೆ, ಆದರೆ ಒಂದೊಂದು ಹೆಜ್ಜೆಗೂ ಸರಸರ. ಪರೀಕ್ಷೆ ಹೀಗೆ ಮಾಡಿದೆ: ರಾತ್ರಿ ಊಟ ಆದ ಮೇಲೆ ನಡುಮನೆಯ ದೀಪ, ಫ್ಯಾನ್ ಎಲ್ಲ ಆರಿಸಿ ನಾನು ಪೂರ್ತಿ ಸಾಮಾನು ಹಾಕಿಕೊಂಡು ನಡೆಯುವುದು. ನಮ್ಮಾಕೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದ್ದನ್ನೆಲ್ಲ ಹೇಳುವುದು. "ಎಡಗಡೆ ಜೇಬಲ್ಲಿ ಏನೋ ಕಿಣಿಕಿಣಿ ಅಂತಿದೆ ನೋಡಿ." ಬೀಗದ ಕೈ. "ಮಂಡಿ ಹತ್ರ ಬಟ್ಟೆ ಉಜ್ತಿದೆ." ಪ್ಯಾಂಟಿನ ಗಂಜಿ. "ಈಗ ಚರ್ ಅಂತು." ಜೇಬಿನ ವೆಲ್ಕ್ರೋ. ನನ್ನ ಕಿವಿಗೆ ಬೀಳದ ಎಷ್ಟೋ ಸದ್ದು ಅವಳಿಗೆ ಬಿತ್ತು. ಈ ಪರೀಕ್ಷೆ ಇಲ್ಲದೆ ಈಗ ಯಾವ ಹೊಸ ಸಾಮಾನನ್ನೂ ಹೊರಗೆ ತೆಗೆದುಕೊಂಡು ಹೋಗುವುದಿಲ್ಲ.

ವೆಲ್ಕ್ರೋ ಎಲ್ಲ ಬಿಚ್ಚಿಸಿ ದರ್ಜಿ ಅಣ್ಣನ ಹತ್ತಿರ ಕಾಜ ಮಾಡಿಸಿ ಗುಂಡಿ ಹೊಲಿಸಿದೆ. ಜಿಪ್ಪಿನ ತುದಿ, ಬೆಲ್ಟಿನ ಬಕಲ್, ಬೀಗದ ಕೈ, ಎಲ್ಲಕ್ಕೂ ಕಾಯಿಲ್ ಕಟ್ಟುವ ಕಾಟನ್ ಟೇಪ್ ಸುತ್ತಿದೆ. ಒಂದು ಸುರುಳಿ ಟೇಪಿನಲ್ಲಿ ಇಡೀ ಕಿಟ್ಟಿನ ಬಾಯಿ ಮುಚ್ಚಿಸಬಹುದು. ಅಂಗಿ, ಪ್ಯಾಂಟ್ ಹತ್ತು ಸಲ ಒಗೆದ ಹತ್ತಿ ಬಟ್ಟೆ, ಕಡುಹಸಿರು.

ಮೇಲೆ ಹೊದೆಯಲು ಕಂಬಳಿ. ನಮ್ಮ ಕಡೆ ಕುರಿ ಕಾಯುವವರು, ರಾಗಿ ಕಾಯುವವರು ತಲೆತಲಾಂತರದಿಂದ ಹೊದ್ದದ್ದು ಇದನ್ನೇ. ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟರೆ ಸದ್ದೇ ಇಲ್ಲ. ಕೊಂಬೆ ತಗುಲಿದರೂ ಸದ್ದಿಲ್ಲ. ಇಬ್ಬನಿ ಮೇಲೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ನಿಂತರೆ ಹೊದಿಕೆ, ಕೂತರೆ ಹಾಸಿಗೆ. ಮೈಯ ಆಕಾರವೂ ಅದರೊಳಗೆ ಮುಚ್ಚಿಹೋಗುತ್ತದೆ. ಸಾವಿರಾರು ರೂಪಾಯಿಯ ಟ್ರೆಕ್ಕಿಂಗ್ ಜಾಕೆಟ್ ಹಾಕಿ ನೋಡಿದ್ದೇನೆ, ಈ ಕೆಲಸಕ್ಕೆ ಕಂಬಳಿಯ ಹತ್ತಿರಕ್ಕೂ ಬರುವುದಿಲ್ಲ. ಒಂದೇ ತೊಂದರೆ ಉತ್ತರಾಣಿ ಕಾಯಿ. ಮನೆಗೆ ಬಂದು ಅರ್ಧ ಗಂಟೆ ಕೂತು ಕೀಳಬೇಕು.

ಕಾಲಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ನಮ್ಮ ಹೊಲಗಳಲ್ಲಿ ಕೊಳಕುಮಂಡಲ ಇದೆ. ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಹಿಮ್ಮಡಿಯ ಸುತ್ತಮುತ್ತ. ಸದ್ದಾಗುವುದಿಲ್ಲ ಅಂತ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಹೋಗುವುದು ಬೇಡವೇ ಬೇಡ. ಗಮ್‌ಬೂಟು ಹಾಕಿದೆ, ಅದು ಮೀನಖಂಡಕ್ಕೆ ಪಟಪಟ ಹೊಡೆಯಿತು. ಅದನ್ನು ಬಿಟ್ಟು ದಪ್ಪ ಚರ್ಮದ ಬೂಟು, ಮೇಲೆ ಮಂಡಿವರೆಗೆ ಹಳೇ ಲಾರಿ ಟಾರ್ಪಾಲಿನ ಎರಡು ಪದರದ ಪಟ್ಟಿ ಹೊಲಿಸಿದೆ. ಟಾರ್ಪಾಲು ಅಂದರೆ ಹಳೇ ಕಾಲದ ಹತ್ತಿ ಕ್ಯಾನ್ವಾಸು, ಈಗಿನ ನೀಲಿ ಪ್ಲಾಸ್ಟಿಕ್ ಅಲ್ಲ.

ಬೂಟಿನ ಗಟ್ಟಿ ಅಟ್ಟೆ ಜಲ್ಲಿಯ ಮೇಲೆ ಕರಕರ ಅನ್ನುತ್ತಿತ್ತು. ಚಪ್ಪಲಿ ಹೊಲಿಯುವ ಅಣ್ಣನಿಗೆ ಹೇಳಿ ಅಟ್ಟೆ ಕೀಳಿಸಿ, ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಹಾಕುವ ಮೆತ್ತನೆ ಎಂಸಿಆರ್ ರಬ್ಬರ್ ಹಾಕಿಸಿದೆ. ಬೆಕ್ಕಿನ ಹೆಜ್ಜೆಯಂತೆ ಆಯಿತು. ಮೂರನೇ ರಾತ್ರಿ ಬಳ್ಳಾರಿ ಜಾಲಿಯ ಮುಳ್ಳು ಆ ರಬ್ಬರ್ ದಾಟಿ ಪಾದಕ್ಕೇ ಇಳಿಯಿತು. ಆಚೆ ವಾರ ಅಂಗಡಿಯಲ್ಲಿ ನಿಂತು ಕೆಲಸ ಮಾಡಲಾಗಲಿಲ್ಲ. ಆ ಅಣ್ಣ ಮೊದಲೇ ಹೇಳಿದ್ದರು, "ಗಟ್ಟಿ ಅಟ್ಟೆ ಇರ್ಲಿ ಬಿಡಿ, ಅದರ ಕೆಳಗೆ ಅಂಟಿಸ್ತೀನಿ" ಅಂತ. ನಾನು ಕೇಳಲಿಲ್ಲ. ಈಗ ಅವರು ಹೇಳಿದಂತೆಯೇ ಇದೆ: ಮೂಲ ಅಟ್ಟೆ, ಅದರ ಕೆಳಗೆ ರಬ್ಬರ್ ಸಲ್ಯೂಷನ್ ಹಾಕಿ ಅಂಟಿಸಿದ 8 ಎಂಎಂ ಎಂಸಿಆರ್. ಮುಳ್ಳು ಮೆತ್ತನೆಯದರಲ್ಲಿ ಇಳಿದು ಗಟ್ಟಿಯದಕ್ಕೆ ನಿಲ್ಲುತ್ತದೆ. ಹೊರಡುವ ಮುಂಚೆ ಇಕ್ಕಳದಲ್ಲಿ ಮುಳ್ಳು ಕೀಳಬೇಕು. ಉಳಿದರೆ ಕಲ್ಲಿನ ಮೇಲೆ ಟಿಕ್ ಟಿಕ್ ಅನ್ನುತ್ತದೆ.

ಇಷ್ಟೆಲ್ಲ ಮಾಡಿ ಮುಗಿಸಿದಾಗ ನಾನು ಬಹಳ ಖುಷಿಯಲ್ಲಿದ್ದೆ. ಸದ್ದಿಲ್ಲ, ಬಿಳಿ ಬೆಳಕಿಲ್ಲ, ಆಕಾರವೂ ಕಾಣುವುದಿಲ್ಲ. ಅದೇ ತಪ್ಪಾಗಿತ್ತು.

ಎರಡು ವರ್ಷದ ಹಿಂದಿನ ಮಾಘ ಮಾಸ. ರಾತ್ರಿ ಒಂದೂವರೆ. ಅಡಿಕೆ ತೋಟದ ಪಕ್ಕ ಹೊಂಗೆ ಮರ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಧ್ವನಿ ಬಂತು. "ಯಾವನ್ಲಾ ಅದು? ಒಂದ್ ಹೆಜ್ಜೆ ಇಟ್ರೆ ನೋಡು!" ತಿರುಗಿದರೆ ದೊಣ್ಣೆ ಎತ್ತಿಕೊಂಡು ಆ ತೋಟದ ತಾತ ನಿಂತಿದ್ದಾರೆ. ಕೈ ನಡುಗುತ್ತಿದೆ. ನನ್ನ ಕೈಯೂ ನಡುಗಿತು.

"ನಾನು ತಾತಾ, ಮೋಟರ್ ಅಂಗಡಿಯವನು."

ಮುಖಕ್ಕೆ ಟಾರ್ಚ್ ಬಿಟ್ಟು ನೋಡಿದರು. ದೊಣ್ಣೆ ಇಳಿಯಿತು. ಬದುವಿನ ಮೇಲೆ ಕೂತೇಬಿಟ್ಟರು. "ಏನಪ್ಪಾ ನೀನು... ಕೆಂಪಗೆ ಒಂದು ಬೆಳಕು ತೇಲ್ಕೊಂಡು ಬರ್ತೈತೆ, ಸದ್ದಿಲ್ಲ ಸುದ್ದಿಲ್ಲ. ಕೊಳ್ಳಿದೆವ್ವ ಅಂದ್ಕೊಂಡೆ. ದೆವ್ವ ಅಲ್ದಿದ್ರೆ ಕೇಬಲ್ ಕಳ್ಳನೇ ಅಂದ್ಕೊಂಡೆ."

ಕೇಬಲ್ ಕಳ್ಳರೆಂದರೆ ಏನು ಅಂತ ನನಗೆ ಹೇಳಿಕೊಡಬೇಕಿಲ್ಲ. ಬೋರ್‌ವೆಲ್ ಕೇಬಲ್ ಕತ್ತರಿಸಿ, ಸುಟ್ಟು, ತಾಮ್ರ ಮಾರುತ್ತಾರೆ. ಒಂದೇ ರಾತ್ರಿಯಲ್ಲಿ ಬೆಳೆ ಒಣಗುವ ಸ್ಥಿತಿ. ಮರುದಿನ ಆ ರೈತರು ಬರುವುದು ನನ್ನ ಅಂಗಡಿಗೇ. ಅವರ ಮುಖ ನೋಡಿದ್ದೇನೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ನಡುರಾತ್ರಿ ಎದ್ದು ಮೋಟರ್ ಹಾಕಲು ಹೊಲಕ್ಕೆ ಹೋಗುವ ಜನ ಅವರು. ಅಂಥವರ ಕಣ್ಣಿಗೆ, ಕಿವಿಗೆ ಸಿಗದಂತೆ ಅವರದೇ ಬದುವಿನ ಮೇಲೆ ನಾನು ಓಡಾಡಿದ್ದೆ. ತಾತನಿಗೆ ಎಪ್ಪತ್ತು ದಾಟಿದೆ. ಅವರ ಎದೆ ನಿಂತಿದ್ದರೆ? ಆ ರಾತ್ರಿ ಮನೆಗೆ ಬಂದ ಮೇಲೂ ನಿದ್ದೆ ಬರಲಿಲ್ಲ.

ಕಾಡುಪಾಪಕ್ಕೆ ಕಾಣದಂತೆ ಇರಬೇಕು. ಮನುಷ್ಯರಿಗೆ ಕಾಣಲೇಬೇಕು. ಅಲ್ಲಿಂದ ಮುಂದೆ ಎಲ್ಲ ಸಾಮಾನನ್ನೂ ಈ ಲೆಕ್ಕದಲ್ಲಿ ಮತ್ತೆ ನೋಡಿದೆ.

ಮೊದಲು ಸೊಂಟದ ದೀಪ. ಬೆಲ್ಟಿನ ಹಿಂಭಾಗದಲ್ಲಿ ಒಂದು ಸಣ್ಣ ಹಳದಿ ಎಲ್ಇಡಿ, 100 ಓಮ್ ರೆಸಿಸ್ಟರ್ ಜೊತೆ. ಮೇಲೆ ತಗಡಿನ ಮುಚ್ಚಳ, ಬೆಳಕು ನನ್ನ ಹಿಮ್ಮಡಿಯ ಮೇಲೆ, ನೆಲದ ಮೇಲೆ ಮಾತ್ರ ಬೀಳುತ್ತದೆ. ಮರಕ್ಕೆ ಏರುವುದಿಲ್ಲ. ದೂರದಿಂದ ನೋಡಿದವರಿಗೆ ಎರಡು ಕಾಲು ನಡೆಯುವುದು ಕಾಣುತ್ತದೆ. ಕಾಲು ಕಂಡರೆ ದೆವ್ವ ಅಲ್ಲ, ಮನುಷ್ಯ. ಇದು ಸದಾ ಉರಿಯುತ್ತಿರುತ್ತದೆ, ಇದಕ್ಕೆ ಸ್ವಿಚ್ಚೇ ಇಟ್ಟಿಲ್ಲ. ಸೆಲ್ ಹಾಕಿದರೆ ಉರಿಯಿತು, ತೆಗೆದರೆ ಆರಿತು. ಮರೆಯುವ ಅವಕಾಶ ಬೇಡ ಅಂತ ಹೀಗೆ.

ಆಮೇಲೆ ಕಂಬಳಿಯ ಬೆನ್ನಿಗೆ ರಸ್ತೆ ಕೆಲಸದವರು ಹಾಕುವಂಥ ಹೊಳೆಯುವ ಪಟ್ಟಿ ಅಡ್ಡಕ್ಕೆ ಹೊಲಿಸಿದೆ. ಕಾಡುಪಾಪದ ಕಣ್ಣಿನಂತೆ ಇದೂ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ. ಯಾರಾದರೂ ಟಾರ್ಚ್ ಬಿಟ್ಟರೆ ಅವರಿಗೆ ಮಾತ್ರ ಫಳಫಳ ಹೊಳೆಯುತ್ತದೆ, ಮಿಕ್ಕ ಹೊತ್ತು ಕತ್ತಲೆ. ಗಾಡಿರಸ್ತೆ ದಾಟುವಾಗಲೂ ಇದರಿಂದ ಧೈರ್ಯ.

ಹೊರಡುವ ದಿನ ಸಂಜೆ ಆ ಸಾಲಿನ ಹೊಲದವರಿಗೆಲ್ಲ ಫೋನ್ ಮಾಡುತ್ತೇನೆ. ಹನ್ನೊಂದು ಮನೆ. ಠಾಣೆಗೂ, ಅರಣ್ಯ ಇಲಾಖೆಯ ಗಾರ್ಡಿಗೂ ಮುಂಚೆಯೇ ತಿಳಿಸಿರುತ್ತೇನೆ. ಯಾರದಾದರೂ ಹೆಜ್ಜೆ ಕೇಳಿದರೆ ನಾನೇ ಮೊದಲು ಕೂಗಿ ಹೆಸರು ಹೇಳುತ್ತೇನೆ, ಎದುರಿಗೆ ಕಾಡುಪಾಪ ಇದ್ದರೂ ಸರಿ. ಅದು ನಾಳೆ ಸಿಗುತ್ತದೆ.

ಮಿಕ್ಕ ಸಾಮಾನು ಬೇಗ ಹೇಳಿ ಮುಗಿಸುತ್ತೇನೆ. ಬರೆಯಲು ನೋಟ್‌ಬುಕ್ಕು, ಪೆನ್ಸಿಲ್. ಟಿಕ್ ಅನ್ನುವ ಪೆನ್ ಬೇಡ. ಫೋನಿನ ಪರದೆಗೆ ಕೆಂಪು ಬಣ್ಣದ ಸೆಟ್ಟಿಂಗ್, ಸೈಲೆಂಟ್, ಆದರೆ ಆನ್. ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಬೇಕಲ್ಲ. ಸ್ಪೇರ್ ಟಾರ್ಚ್ ಒಂದು. ನೀರು. ಕ್ಯಾಮೆರಾ ಇಲ್ಲ. ಫ್ಲ್ಯಾಶ್ ಇಲ್ಲದೆ ಬರುವ ಫೋಟೊ ನನಗೆ ಬೇಕಿಲ್ಲ, ಫ್ಲ್ಯಾಶ್ ಹಾಕುವ ಮನಸ್ಸಿಲ್ಲ.

ಕೆಂಪು ಬೆಳಕಿನಲ್ಲಿ ಒಂದು ನಷ್ಟ ಇದೆ, ಹೊಸಬರಿಗೆ ಹೇಳಬೇಕು. ಎಲ್ಲ ಕಣ್ಣೂ ಕೆಂಪಾಗಿಯೇ ಕಾಣುತ್ತದೆ. ಬಿಳಿ ಟಾರ್ಚಿನಲ್ಲಿ ಜೇಡನ ಕಣ್ಣು ಹಸಿರು ಚುಕ್ಕಿಯಂತೆ ಮಿನುಗುತ್ತದೆ, ಬಣ್ಣದಲ್ಲೇ ಗುರುತು ಸಿಗುತ್ತದೆ. ಇಲ್ಲಿ ಆ ಸಹಾಯ ಇಲ್ಲ. ಹೀಗಾಗಿ ನಡೆ ನೋಡಬೇಕು. ದಾರಿಯ ಮಣ್ಣಿನ ಮೇಲೆ ಕೂತು ಹೊಳೆದರೆ ನತ್ತಿಂಗ ಹಕ್ಕಿ. ಬದುವಿನ ಮೇಲೆ ಸರಸರ ಸಾಗಿದರೆ ಪುನುಗು ಬೆಕ್ಕು, ಇಲ್ಲವೇ ಸುಮ್ನೆ ಊರಬೆಕ್ಕು. ಎರಡು ಕಣ್ಣೂ ಹತ್ತಿರ ಹತ್ತಿರ, ಎರಡೂ ನೇರ ನಮ್ಮ ಕಡೆ, ಕೊಂಬೆಯಲ್ಲಿ ನಿಧಾನಕ್ಕೆ ಮೇಲೆ ಕೆಳಗೆ ತೂಗಿದರೆ ಅದು ಕಾಡುಪಾಪ.

ರಿಪೇರಿ ಆದ ದೀಪದೊಂದಿಗೆ ಮೊದಲ ಸಲ ಹೋದದ್ದು ಮಾರ್ಗಶಿರ ಅಮಾವಾಸ್ಯೆಯ ಹಿಂದಿನ ರಾತ್ರಿ. ಹತ್ತಕ್ಕೆ ಹೊರಟೆ. ಗಂಟೆಗೆ ಒಂದು ಕಿಲೋಮೀಟರಿಗಿಂತ ನಿಧಾನ. ಮೊದಲ ಅರ್ಧ ಗಂಟೆ ದೀಪ 100 ಓಮಿನ ಮಟ್ಟದಲ್ಲೇ ಇತ್ತು, ಕಣ್ಣು ಹೊಂದಿಕೊಳ್ಳಲಿ ಅಂತ. ಜಾಲಿ ಸಾಲಿನಲ್ಲಿ ಒಂದು, ಕೆರೆ ತೂಬಿನ ಹತ್ತಿರ ಎರಡು. ಅದೇ ಹುಣಸೆಮರಕ್ಕೆ ಬಂದಾಗ ಹನ್ನೆರಡೂವರೆ. ಆಯಸ್ಕಾಂತ ನಡುವಿನ ಮಟ್ಟಕ್ಕೆ ತಳ್ಳಿದೆ. ಕಣ್ಣು ಹೊಳೆದವು. ಇಪ್ಪತ್ತು ನಿಮಿಷ ನೋಡಿದೆ. ಅಂಗೈಗೆ, ಪಾದಕ್ಕೆ ಮೂತ್ರ ಉಜ್ಜಿಕೊಂಡಿತು. ಅವು ಹಾಗೆ ಮಾಡುತ್ತವೆ ಅಂತ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಆಮೇಲೆ ಕೊಂಬೆಗೆ ಎರಡು ಕಾಲಲ್ಲಿ ನೇತುಬಿದ್ದು, ಎರಡೂ ಕೈ ಮುಂದೆ ಚಾಚಿ ಏನೋ ಹುಳ ಹಿಡಿದು ತಿಂದಿತು. ಕಣ್ಣು ಮುಚ್ಚಿಕೊಂಡು ಅಗಿಯಿತು. ನಾನು ಅಲ್ಲಿದ್ದೇನೆ ಅನ್ನುವುದು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಒಟ್ಟು ಐದು ಎಣಿಸಿದೆ. ವೈರು ಬಿಗಿಯಾಗಿತ್ತು, ತಲೆ ಎಷ್ಟು ಅಲ್ಲಾಡಿಸಿದರೂ ದೀಪ ಮಿಣುಕಲಿಲ್ಲ.

ವಾಪಸು ಬರುವಾಗ ಅಡಿಕೆ ತೋಟದ ಹತ್ತಿರ ತಾತ ಮೋಟರ್ ಹಾಕಿ ನಿಂತಿದ್ದರು. ದೂರದಿಂದಲೇ ಕೂಗಿದರು, "ಕಾಲು ಕಾಣ್ತೈತೆ, ಬಾರಪ್ಪ." ಹಣೆಯ ದೀಪ ಬಿಚ್ಚಿ ಅವರಿಗೇ ಕಟ್ಟಿದೆ. ಹೊಂಗೆ ಮರದಲ್ಲಿ ಒಂದು ಇತ್ತು. ಬಹಳ ಹೊತ್ತು ಮಾತಾಡಲಿಲ್ಲ ಅವರು. ಆಮೇಲೆ ಮೆಲ್ಲಗೆ, "ನಮ್ಮ ತೋಟದಾಗೇ ಇತ್ತೇನಪ್ಪ ಇದು" ಅಂದರು. ಆ ಹೊಂಗೆಯನ್ನು ಈ ಬೇಸಿಗೆಯಲ್ಲಿ ಸವರಬೇಕು ಅಂತಿದ್ದರಂತೆ. ಬೇಲಿಯ ಕಡೆಯ ಕೊಂಬೆ ಬಿಟ್ಟು ಸವರುತ್ತೇನೆ ಅಂದರು. "ನಂಗೂ ಒಂದು ದೀಪ ಮಾಡಿಕೊಡು. ಗುಂಡಿ ಮಾತ್ರ ದೊಡ್ಡದಿರ್ಲಿ, ನನ್ನ ಬೆರಳಿಗೆ ಸಣ್ಣದು ಸಿಕ್ಕಲ್ಲ."

ಅವರ ದೀಪ ಈಗ ಮೇಜಿನ ಮೇಲಿದೆ. ಒಂದೇ ರೀಡ್, ಒಂದೇ ಮಟ್ಟ, 22 ಓಮ್. ಆಯಸ್ಕಾಂತವನ್ನು ಎಮ್ಮೆ ಕೊಂಬಿನ ದೊಡ್ಡ ಗುಂಡಿಯೊಂದರ ಹಿಂದೆ ಅಂಟಿಸಿದ್ದೇನೆ. ನ್ಯೂಟ್ರಲ್ ಸಿಲಿಕಾನ್ ನಿನ್ನೆ ಸಂಜೆ ಹಾಕಿದೆ, ನಾಳೆಗೆ ಒಣಗುತ್ತದೆ.